ಮೇಲ್ಮನೆಯವರು ಸೀಟಿನಿಂದ ಏಳಲಿಲ್ಲ

ಹಳೆಯ ಹ್ಯಾಂಡ್‌ಬ್ಯಾಗನ್ನು ಯಾರಿಗಾದರೂ ಕೊಟ್ಟುಬಿಡೋಣವೆಂದು ಈ ಬೆಳಿಗ್ಗೆ ಅದರ ಜೇಬುಗಳನ್ನೆಲ್ಲ ಖಾಲಿ ಮಾಡುತ್ತಿದ್ದೆ. ಒಳಗಿನ ಜಿಪ್ಪಿನ ಮೂಲೆಯಲ್ಲಿ, ಮಾಸಿದ ಬಸ್ ಟಿಕೆಟ್ಟು ಮತ್ತು ಕರಗಿ ಅಂಟಿಕೊಂಡ ಪೆಪ್ಪರ್‌ಮಿಂಟಿನ ಜೊತೆ, ವಿಮಾನದಲ್ಲಿ ಕೊಡುವ ಒದ್ದೆ ಟಿಶ್ಯೂವಿನ ಪೊಟ್ಟಣವೊಂದು ಸಿಕ್ಕಿತು. ಒಡೆದು ನೋಡಿದೆ. ಒಳಗಿನ ತೇವ ಯಾವಾಗಲೋ ಆರಿಹೋಗಿತ್ತು. ನಿಂಬೆಯ ವಾಸನೆ ಮಾತ್ರ ಉಳಿದಿತ್ತು. ಅದು ಮೂಗಿಗೆ ತಾಗಿದ್ದೇ ತಡ, ನನ್ನ ಇನ್ನೊಂದು ಕೈ ತಾನಾಗಿಯೇ ಕುರ್ಚಿಯ ತೋಳನ್ನು ಬಿಗಿಯಾಗಿ ಹಿಡಿದುಕೊಂಡಿತು. ಪದ್ಮನಾಭನಗರದ ನಮ್ಮ ಮನೆಯ ಹಾಲ್‌ನಲ್ಲಿ, ಗಟ್ಟಿ ನೆಲದ ಮೇಲಿನ ಕುರ್ಚಿಯಲ್ಲಿ ಕೂತು...

ನಮ್ಮ ಮಹಡಿಯಲ್ಲಿ ಬಾಡಿಗೆಗಿದ್ದವರು ಅವರು. ಬೀದಿಯವರೆಲ್ಲ ‘ಏರ್‌ಹೋಸ್ಟೆಸ್ ಮೇಡಂ’ ಅನ್ನುತ್ತಿದ್ದರು, ನಮಗೆ ಮಾತ್ರ ಮೇಲ್ಮನೆಯವರು. ಹುಟ್ಟಿ ಬೆಳೆದದ್ದು ಬನಶಂಕರಿಯಲ್ಲೇ. ನಲವತ್ತು ದಾಟಿತ್ತು, ಮದುವೆಯಾಗಿರಲಿಲ್ಲ. ತಾಯಿ ತೀರಿಕೊಂಡ ಮೇಲೆ ಒಬ್ಬರೇ ಇದ್ದರು. ತಮ್ಮನೊಬ್ಬ ಮೈಸೂರಿನಲ್ಲಿದ್ದ. ಬೇರೆಯವರು ಹಾಲಿನ ಪ್ಯಾಕೆಟ್ ತರಲು ಹೊರಡುವ ಹೊತ್ತಿಗೆ ಇವರು ತಲೆಗೂದಲನ್ನು ಒಂದೆಳೆಯೂ ಏಳದ ಹಾಗೆ ಗಂಟು ಕಟ್ಟಿ, ಚಕ್ರದ ಸೂಟ್‌ಕೇಸನ್ನು ಸದ್ದಾಗದಂತೆ ಎತ್ತಿಕೊಂಡು ಮೆಟ್ಟಿಲಿಳಿಯುತ್ತಿದ್ದರು. ನಮ್ಮ ನಿದ್ದೆ ಕೆಡಬಾರದೆಂದು.

ಹಿಂದಿರುಗಿ ಬಂದಾಗ ಮಾತ್ರ ಸೀದಾ ನಮ್ಮ ಅಡುಗೆಮನೆಗೆ ಬರುತ್ತಿದ್ದರು. “ಆಂಟಿ, ಟ್ರೇನಲ್ಲಿ ಬರ್ದೇ ಇರೋದು ಏನಾದ್ರೂ ಇದ್ರೆ ಕೊಡಿ,” ಎಂದು ನಮ್ಮ ಅತ್ತೆಯನ್ನು ಕೇಳುತ್ತಿದ್ದರು. ಅತ್ತೆ ಅನ್ನಕ್ಕೆ ಬಿಸಿ ಹುಳಿ ಹಾಕಿ ಕೊಟ್ಟರೆ ನಿಂತುಕೊಂಡೇ ಊಟ ಮಾಡಿ ಮುಗಿಸುತ್ತಿದ್ದರು. ಕೂತ್ಕೊಳ್ಳಮ್ಮ ಎಂದರೆ, ಅಭ್ಯಾಸ ತಪ್ಪಿಹೋಗಿದೆ ಎಂದು ನಗುತ್ತಿದ್ದರು. ನಾನು ಮನೆಯಲ್ಲಿ ಗಣಿತದ ಟ್ಯೂಷನ್ ಹೇಳುತ್ತಿದ್ದೆ. ಮಕ್ಕಳು ಕರೆಯುವುದನ್ನು ಕೇಳಿ ಅವರೂ ನನ್ನನ್ನು ‘ಮಿಸ್’ ಎನ್ನಲು ಶುರು ಮಾಡಿದ್ದರು. ದನಿ ಏರಿಸಿ ಮಾತಾಡಿದ್ದನ್ನು ನಾನಂತೂ ಕೇಳಿರಲಿಲ್ಲ. ಗೇಟಿಗೆ ಅಡ್ಡ ಸ್ಕೂಟರ್ ನಿಲ್ಲಿಸಿದವರಿಗೂ, “ಸಾರ್, ಸ್ವಲ್ಪ...” ಎಂದಷ್ಟೇ ಹೇಳಿ ನಿಲ್ಲುವವರು.

ದೆಹಲಿಯಲ್ಲಿ ನನ್ನ ನಾದಿನಿ ಹೊಸ ಮನೆ ಮಾಡಿದ್ದಳು. ಗೃಹಪ್ರವೇಶ ಮುಗಿಸಿಕೊಂಡು ಅತ್ತೆಯೂ ನಾನೂ ವಾಪಸ್ ಹೊರಟ ವಿಮಾನದಲ್ಲಿ, ಬಾಗಿಲಲ್ಲಿ ಕೈಮುಗಿದು ನಿಂತಿದ್ದವರು ನಮ್ಮ ಮೇಲ್ಮನೆಯವರು! ಅತ್ತೆಗೆ ಆದ ಸಂತೋಷ ಅಷ್ಟಿಷ್ಟಲ್ಲ. ಅಕ್ಕಪಕ್ಕದವರಿಗೆಲ್ಲ, “ನಮ್ಮನೆ ಹುಡುಗಿ,” ಎಂದು ಹೇಳಿದ್ದೇ ಹೇಳಿದ್ದು. ನಮಗೆ ಮುಂದಿನ ಸಾಲುಗಳಲ್ಲೇ ಜಾಗ ಸಿಕ್ಕಿತ್ತು. ಸಿಬ್ಬಂದಿ ಕೂರುವ ಮಡಚುವ ಸೀಟು ಬಾಗಿಲ ಪಕ್ಕದಲ್ಲಿ, ನಮ್ಮ ಕಡೆಗೇ ಮುಖ ಮಾಡಿಕೊಂಡಿತ್ತು.

ಮಧ್ಯಾಹ್ನದ ಹೊತ್ತು. ಕಿಟಕಿಯಾಚೆ ಒಂದು ಮೋಡವೂ ಇರಲಿಲ್ಲ. ಅವರೂ ಇನ್ನೊಬ್ಬ ಚಿಕ್ಕ ಹುಡುಗಿಯೂ ಟ್ರಾಲಿ ತಂದು ಕಾಫಿ ಕೊಡಲು ಆರಂಭಿಸಿದ್ದರು. ಅತ್ತೆಯ ಕೈಗೆ ಕಪ್ ಬಂದಿತ್ತು. ಆಗ ಮುಂದೆ, ಪೈಲಟ್ ಮಾತಾಡುವ ಗೋಡೆಯ ಫೋನು ಸದ್ದು ಮಾಡಿತು. ಮೇಲ್ಮನೆಯವರು ಹೋಗಿ ಎತ್ತಿದರು, ಕೇಳಿಸಿಕೊಂಡರು, ಇಟ್ಟರು. ಹಿಂದಿರುಗಿ ಬಂದವರ ನಡಿಗೆಯೇ ಬೇರೆಯಾಗಿತ್ತು. ಟ್ರಾಲಿಯನ್ನು ಎಳೆದು ಒಳಗೆ ತಳ್ಳಿ ಬೀಗ ಹಾಕಿಸಿದರು. ಬೆಲ್ಟಿನ ದೀಪ ಹೊತ್ತಿತು. ಸೇವೆ ನಿಲ್ಲಿಸಿದ್ದೇವೆ, ಎಲ್ಲರೂ ಬೆಲ್ಟ್ ಬಿಗಿ ಮಾಡಿಕೊಳ್ಳಿ ಎಂದು ಮೈಕಿನಲ್ಲಿ ಹೇಳಿದರು.

ನನ್ನ ಮುಂದಿನ ಸಾಲಿನಲ್ಲಿ, ಓಣಿಯ ಪಕ್ಕದ ಸೀಟಿನಲ್ಲಿದ್ದ ದಪ್ಪ ಮೀಸೆಯ ಗೃಹಸ್ಥರಿಗೆ ಸಿಟ್ಟು ಬಂತು. “ಏನ್ ಮೇಡಂ, ಅಲ್ಲಿಗೆಲ್ಲ ಕೊಟ್ರಿ, ನಮ್ಗೆ ಬಂದಾಗ ಕ್ಲೋಸಾ? ಹೊರಗಡೆ ನೋಡಿ, ಹೆಂಗಿದೆ ಆಕಾಶ!”

“ಸಾರ್, ಆಮೇಲೆ ಖಂಡಿತ ಕೊಡ್ತೀನಿ. ಈಗ ಬೆಲ್ಟ್ ಹಾಕೊಳ್ಳಿ,” ಎಂದರು. ಬೆಲ್ಟ್ ಹಾಕಿದ್ದನ್ನು ನೋಡಿಯೇ ಅಲ್ಲಿಂದ ಹೋದದ್ದು. ಅತ್ತೆಯ ಸೊಂಟದ ಪಟ್ಟಿಯನ್ನೂ ಒಮ್ಮೆ ಎಳೆದು ಬಿಗಿ ಮಾಡಿದರು. ಆಮೇಲೆ ಆ ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ತಾವೂ ಕೂತು, ಭುಜದ ಮೇಲಿನ ಪಟ್ಟಿಗಳನ್ನು ಎಳೆದು ಕಟ್ಟಿಕೊಂಡರು.

ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಹಾಗಾಗಿಯೇ ಇರಬೇಕು, ಮೊದಲ ಸಾಲಿನಲ್ಲಿದ್ದ ಕನ್ನಡಕದ ಹೆಂಗಸೊಬ್ಬರು ಬೆಲ್ಟ್ ಬಿಚ್ಚಿ ಎದ್ದು ನಿಂತು, ಮೇಲಿನ ಕಪಾಟು ತೆರೆದು ಬ್ಯಾಗಿಗೆ ಕೈ ಹಾಕಿದರು. ನನ್ನ ಅತ್ತೆಗಿಂತ ಚಿಕ್ಕವರು, ನನಗಿಂತ ದೊಡ್ಡವರು. “ಬಿಪಿ ಮಾತ್ರೆ, ಒಂದೇ ನಿಮಿಷ,” ಎಂದು ಯಾರಿಗೋ ಹೇಳುತ್ತಿದ್ದರು.

“ಕೂತ್ಕೊಳ್ಳಿ!”

ಆ ಕೂಗು ಮೇಲ್ಮನೆಯವರದು ಎಂದು ನಂಬುವುದಕ್ಕೇ ನನಗೆ ಒಂದು ಕ್ಷಣ ಬೇಕಾಯಿತು. ಗಂಟಲು ಹರಿದುಹೋಗುವ ಹಾಗೆ ಮತ್ತೆ ಕೂಗಿದರು. “ಬ್ಯಾಗ್ ಬಿಡಿ! ಕೂತ್ಕೊಳ್ಳಿ!”

ಆ ಹೆಂಗಸು ಬೆಚ್ಚಿ ತಿರುಗಿ ನೋಡಿದರು. ಅಷ್ಟರಲ್ಲಿ ವಿಮಾನ ನಮ್ಮ ಕೆಳಗಿನಿಂದ ಇಲ್ಲವಾಯಿತು. ಹಾಗೆಂದೇ ಹೇಳಬೇಕು. ಅಲುಗಾಡಲಿಲ್ಲ, ಕುಲುಕಲಿಲ್ಲ, ಇಲ್ಲವಾಯಿತು. ಅತ್ತೆಯ ಕಪ್ಪಿನ ಕಾಫಿ ಮೇಲಕ್ಕೆ ಹೋಗಿ ಚಾವಣಿಗೆ ಬಡಿಯಿತು. ಅದರ ಜೊತೆಯಲ್ಲೇ ಆ ಹೆಂಗಸೂ ಮೇಲೆ ಹೋದರು. ತಲೆ ಚಾವಣಿಗೆ ಬಡಿದ ಸದ್ದು... ಅದನ್ನು ಬರೆಯಲು ನನಗೆ ಇವತ್ತಿಗೂ ಆಗುವುದಿಲ್ಲ. ಮರುಕ್ಷಣ ಓಣಿಯಲ್ಲಿ ಬಿದ್ದರು, ಮೇಲ್ಮನೆಯವರ ಕಾಲಿನಿಂದ ಒಂದು ಮಾರು ದೂರದಲ್ಲಿ.

ಮೇಲ್ಮನೆಯವರು ಏಳಲಿಲ್ಲ.

ವಿಮಾನ ಇನ್ನೂ ಏಳುತ್ತ ಬೀಳುತ್ತ ಇತ್ತು. ಜನ ಚೀರುತ್ತಿದ್ದರು. ಯಾರೋ ಇಂಗ್ಲಿಷಿನಲ್ಲಿ, ಯಾರೋ ಹಿಂದಿಯಲ್ಲಿ, ಆಕೆಯನ್ನು ಎತ್ತಬಾರದಾ, ನಿಮಗೆ ಕಣ್ಣಿಲ್ಲವಾ ಎಂದು ಬೈಯುತ್ತಿದ್ದರು. ಪಕ್ಕದ ಹುಡುಗಿ ಅಳುತ್ತ ತನ್ನ ಬೆಲ್ಟಿಗೆ ಕೈ ಹಾಕಿದಳು. “ಏಳ್ಬೇಡ,” ಎಂದು ಇವರು ಗದರಿದರು. ಬಿದ್ದವರು ಕೈ ಚಾಚಿ ಅಮ್ಮಾ ಎನ್ನುತ್ತಿದ್ದರು. ಇವರು ತಮ್ಮ ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು, ಬೆನ್ನನ್ನು ಗೋಡೆಗೆ ಒತ್ತಿ, ಆಕೆಯನ್ನೇ ನೋಡುತ್ತ ಕೂತಿದ್ದರು. ನಾನು ಆ ಮುಖವನ್ನು ನೋಡಿದೆ. ನಮ್ಮ ಅಡುಗೆಮನೆಯಲ್ಲಿ ನಿಂತು ಹುಳಿಯನ್ನ ಉಣ್ಣುತ್ತಿದ್ದವರ ಮುಖ ಅದಾಗಿರಲಿಲ್ಲ. ವಿಮಾನ ಬೀಳುತ್ತದೆಂಬ ಭಯಕ್ಕಿಂತ ಆ ಮುಖವೇ ನನ್ನನ್ನು ಹೆಚ್ಚು ನಡುಗಿಸಿತು. ಇವರು ಇಂಥವರಾ? ಇಷ್ಟು ದಿನ ನಮ್ಮ ತಲೆಯ ಮೇಲೆ ವಾಸವಾಗಿದ್ದವರು ಇವರಾ?

ವಿಮಾನ ಒಂದು ಹದಕ್ಕೆ ಬಂತು. ಬಂತೋ ಇಲ್ಲವೋ ಅನ್ನುವಷ್ಟರಲ್ಲಿ ಮೇಲ್ಮನೆಯವರು ಬೆಲ್ಟ್ ಬಿಚ್ಚಿ ನೆಲದ ಮೇಲಿದ್ದರು. ಎತ್ತಲು ಬಂದವರನ್ನು ಮೊಣಕೈಯಲ್ಲೇ ತಡೆದರು. ಆ ಹೆಂಗಸಿನ ತಲೆಯನ್ನು ಎರಡು ಅಂಗೈಗಳ ನಡುವೆ ಹಿಡಿದು, “ಅಲ್ಲಾಡ್ಬೇಡಿ ಅಕ್ಕಾ. ತಲೆ ಆಡಿಸ್ಬೇಡಿ. ನಾನ್ ಹಿಡ್ಕೊಂಡಿದೀನಿ,” ಎಂದರು. ಹಿಂದಿನ ಸಾಲಿನಿಂದ ಡಾಕ್ಟರೊಬ್ಬರು ತೆವಳಿಕೊಂಡೇ ಬಂದು ಮುಟ್ಟಿ ನೋಡಿ, ಕತ್ತಿಗೆ ಪೆಟ್ಟಾಗಿರುವಂತಿದೆ, ಎಳ್ಳಷ್ಟೂ ಅಲುಗಬಾರದು ಎಂದರು. ಆಮೇಲೆ ಮೇಲ್ಮನೆಯವರು ಕೈ ತೆಗೆಯಲೇ ಇಲ್ಲ. ಹತ್ತಿರದ ಊರಿನಲ್ಲಿ ಇಳಿಸಲಿಲ್ಲವೇಕೆ ಎಂದು ನನಗೆ ತಿಳಿಯದು, ಬೆಂಗಳೂರೇ ಹತ್ತಿರವಾಗಿತ್ತೇನೋ. ವಿಮಾನ ಇಳಿಯುವ ಹೊತ್ತಿಗೆ ಸಿಬ್ಬಂದಿಯೂ ಸೀಟಿನಲ್ಲಿರಬೇಕು. ಚಿಕ್ಕ ಹುಡುಗಿ ಬಂದು ಕರೆದಳು. ಇವರು ಬೇಡವೆಂದು ಕಣ್ಣಿನಲ್ಲೇ ಹೇಳಿ, ನೆಲದ ಮೇಲೆಯೇ ಕೂತು, ಕಾಲುಗಳನ್ನು ಸೀಟಿನ ಬುಡಕ್ಕೆ ಅದುಮಿ, ಆ ತಲೆಯನ್ನು ಮೊಣಕಾಲುಗಳ ನಡುವೆ ಇಟ್ಟುಕೊಂಡರು. ಅವರನ್ನು ಹಿಡಿಯಲು ಯಾವ ಪಟ್ಟಿಯೂ ಇರಲಿಲ್ಲ. ಕಾಫಿಗೆ ಜಗಳವಾಡಿದ್ದ ಮೀಸೆಯ ಗೃಹಸ್ಥರು ತಮ್ಮ ಸೀಟಿನಿಂದ ಬಾಗಿ ಅವರ ಎರಡೂ ಭುಜಗಳನ್ನು ಬಿಗಿಯಾಗಿ ಹಿಡಿದುಕೊಂಡರು. ಹಾಗೆಯೇ ಇಳಿದೆವು.

ಆ್ಯಂಬುಲೆನ್ಸಿನವರು ಆಕೆಯನ್ನು ಕರೆದೊಯ್ದ ಮೇಲೆ ಮೇಲ್ಮನೆಯವರು ನಮ್ಮ ಸಾಲಿಗೆ ಬಂದು ಅತ್ತೆಯ ಮಡಿಲಿಗೆ ಟಿಶ್ಯೂ ಪೊಟ್ಟಣಗಳನ್ನು ಹಾಕಿದರು. “ಆಂಟಿ, ಮುಖ ಒರೆಸ್ಕೊಳ್ಳಿ, ಕಾಫಿ ಆಗಿದೆ.” ಅವರ ಬೆರಳುಗಳು ಬಾಗಿದ್ದು ಬಾಗಿದ ಹಾಗೇ ಇದ್ದವು, ನೆಟ್ಟಗಾಗುತ್ತಿರಲಿಲ್ಲ.

ಇದಿಷ್ಟನ್ನೂ ನಾವು ಕಂಡೆವು. ಊರು ಕಂಡದ್ದು ಬೇರೆ. ಯಾರೋ ಫೋನಿನಲ್ಲಿ ತೆಗೆದ ಒಂದು ತುಣುಕು ನಮ್ಮ ಬಡಾವಣೆಯ ಗ್ರೂಪುಗಳಿಗೂ ಬಂತು. ಹೆಂಗಸೊಬ್ಬರು ನೆಲದಲ್ಲಿ ಬಿದ್ದು ಕೈ ಚಾಚುತ್ತಾರೆ, ಎದುರಿಗೆ ಯೂನಿಫಾರ್ಮಿನವರು ಬೆಲ್ಟ್ ಹಾಕಿಕೊಂಡು ನೋಡುತ್ತ ಕೂತಿದ್ದಾರೆ. ಅಷ್ಟಕ್ಕೇ ಮುಗಿಯುತ್ತದೆ. “ನೋಡ್ಕೊಂಡ್ ಕೂತಿದ್ಲಂತಲ್ರೀ, ನಿಮ್ಮನೇಲಿರೋದು ಅವಳೇ ಅಲ್ವಾ?” ಎಂದು ತರಕಾರಿ ಅಂಗಡಿಯಲ್ಲಿ ಕೇಳಿದರು. ಅತ್ತೆ ಅಲ್ಲೇ ನಿಂತು ಪೂರ್ತಿ ಕತೆ ಹೇಳಿದರು. ಕೇಳಿದವರು ತಲೆಯಾಡಿಸಿದರು, ಮನೆಗೆ ಹೋಗಿ ತುಣುಕನ್ನು ಇನ್ನೊಬ್ಬರಿಗೆ ಕಳಿಸಿದರು. ಪೆಟ್ಟು ತಿಂದವರ ಮನೆಯವರು ದೂರು ಕೊಟ್ಟರಂತೆ. ಕಂಪನಿಯವರು ವಿಚಾರಣೆ ಮುಗಿಯುವ ತನಕ ಇವರನ್ನು ಹಾರಾಟದಿಂದ ದೂರವಿಟ್ಟರು.

ಆ ದಿನಗಳಲ್ಲಿ ಒಂದು ಸಂಜೆ ತಾರಸಿಯಲ್ಲಿ ಬಟ್ಟೆ ತೆಗೆಯುತ್ತಿದ್ದಾಗ, ಅವತ್ತು ಯಾಕೆ ಏಳಲಿಲ್ಲವೆಂದು ನಾನು ಕೇಳಿಯೇಬಿಟ್ಟೆ. ಕೇಳದಿದ್ದರೆ ಆ ಮುಖ ನನ್ನನ್ನು ಬಿಡುತ್ತಿರಲಿಲ್ಲ.

ಅವರು ಕೈಯಲ್ಲಿದ್ದ ಟವೆಲನ್ನು ಮಡಚಿ ಮುಗಿಸಿ ಹೇಳಿದರು. “ಎದ್ದಿದ್ರೆ ಅವರ ಮೇಲೇ ಬೀಳ್ತಿದ್ದೆ ಮಿಸ್. ಆಮೇಲೆ ಕತ್ತು ಹಿಡಿಯೋಕೆ ಯಾರಿರ್ತಿದ್ರು? ಟ್ರೈನಿಂಗಲ್ಲಿ ಮೊದಲ್ನೇ ದಿನಾನೇ ಹೇಳ್ಕೊಡ್ತಾರೆ, ಮೊದ್ಲು ನೀನು ಕೂರು ಅಂತ.” ಇನ್ನೊಂದು ಬಟ್ಟೆಯ ಕ್ಲಿಪ್ಪು ತೆಗೆಯುತ್ತ ಮತ್ತೆ ಹೇಳಿದರು. “ಕೈ ಮೇಲೆ ಕೂತಿದ್ದೆ, ನೋಡಿದ್ರಲ್ಲ? ಹಾಗೆ ಕೂರೋದೂ ಟ್ರೈನಿಂಗೇ. ಆದ್ರೆ ಅವತ್ತು ಅದಕ್ಕಲ್ಲ. ನನ್ ಕೈ ಆಗ್ಲೇ ಬೆಲ್ಟ್ ಬಿಚ್ಚೋಕೆ ಹೋಗಿತ್ತು. ಅದನ್ನ ಎಳೆದು ಕೆಳಗೆ ಹಾಕಿ ಅದರ ಮೇಲೆ ಕೂತೆ. ಅವರು ನನ್ನ ಕರೀತಾನೇ ಇದ್ರು...”

ಮಡಚಿದ ಬಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದರು.

ವಿಚಾರಣೆಯಲ್ಲಿ ಅವರದು ತಪ್ಪಿಲ್ಲವೆಂದಾಯಿತು. ಇಳಿಯುವಾಗ ನೆಲದ ಮೇಲೆ ಕೂತದ್ದೇಕೆ ಎಂದು ಮಾತ್ರ ತಿರುತಿರುಗಿ ಕೇಳಿದರಂತೆ. ಮತ್ತೆ ಹಾರಲು ಶುರು ಮಾಡಿದರು. ಬೆಳಗಿನ ಆ ಸದ್ದಿಲ್ಲದ ಮೆಟ್ಟಿಲಿಳಿತ ಮತ್ತೆ ಶುರುವಾಯಿತು. ನಾವೆಲ್ಲ ಮರೆತೆವು, ಅವರು ಮರೆತರೋ ಇಲ್ಲವೋ ತಿಳಿಯಲಿಲ್ಲ.

ಹೋದ ವರ್ಷ ರಜೆಯ ಒಂದು ಬೆಳಿಗ್ಗೆ ಗೆಳತಿಯ ಜೊತೆ ಪುಟ್ಟೇನಹಳ್ಳಿ ಕೆರೆಯ ಕಡೆ ವಾಕಿಂಗ್ ಹೋದರು. ಹೋಗುವಾಗ ಅತ್ತೆಗೆ, “ಬಂದ್ಬಿಡ್ತೀನಿ, ದೋಸೆ ಹಿಟ್ಟಿದ್ರೆ ಇಟ್ಟಿರಿ,” ಎಂದಿದ್ದರು. ಕೆರೆ ಏರಿಯ ಮೇಲೆ ಮಾತಾಡುತ್ತ ನಡೆಯುತ್ತಿದ್ದವರು ಎದೆ ಹಿಡಿದುಕೊಂಡು ಕುಸಿದರು. ಆಸ್ಪತ್ರೆ ತಲುಪುವ ಮೊದಲೇ ಮುಗಿದಿತ್ತು. ಗೆಳತಿಯ ಫೋನು ಬಂದಾಗ ಅತ್ತೆ ಕಾವಲಿ ಒಲೆಯ ಮೇಲೆ ಇಟ್ಟಾಗಿತ್ತು. ನಾನು ಹೇಳಿದ ಮಾತು ಅವರಿಗೆ ಅರ್ಥವೇ ಆಗಲಿಲ್ಲ. “ಇವತ್ತು ಅವಳಿಗೆ ಡ್ಯೂಟಿ ಇಲ್ವಲ್ಲೇ,” ಎಂದರು. ಡ್ಯೂಟಿ ಇಲ್ಲದ ದಿನ ಅವರಿಗೆ ಏನೂ ಆಗಲು ಸಾಧ್ಯವಿಲ್ಲ ಎಂದು ನಾವಿಬ್ಬರೂ ನಂಬಿಕೊಂಡಿದ್ದೆವು.

ಅದಾಗಿ ಕೆಲವು ತಿಂಗಳಿಗೆ ಮನೆಯ ಮುಂದೆ ಆಟೋ ನಿಂತಿತು. ಕನ್ನಡಕದ ಹೆಂಗಸೊಬ್ಬರು ತಾವಾಗಿಯೇ ಇಳಿದು, ಗೇಟು ತೆರೆದು, ನನ್ನನ್ನು ಕೇಳುವ ಮೊದಲೇ ಮಹಡಿಯ ಮೆಟ್ಟಿಲು ಹತ್ತತೊಡಗಿದರು. ಅರ್ಧ ಹತ್ತಿ, ಮೇಲಿನ ಬೀಗ ಕಂಡು ತಿರುಗಿದಾಗ ಗುರುತು ಹತ್ತಿತು. ಆಕೆ ಬದುಕಿರುವುದು ಗೊತ್ತಿತ್ತು. ಹೀಗೆ ನಡೆಯುತ್ತಾರೆಂದು ಯಾರೂ ಹೇಳಿರಲಿಲ್ಲ.

ಬಹಳ ದಿನ ಹಾಸಿಗೆಯಲ್ಲಿದ್ದರಂತೆ. “ನನ್ನ ಮೇಲೆ ಕಿರುಚಿದ್ದು, ಸುಮ್ನೆ ಕೂತು ನೋಡಿದ್ದು, ಅಷ್ಟೇ ನೆನಪಿದ್ದಿದ್ದು ನಂಗೆ. ಆಮೇಲೆ ಆಪರೇಷನ್ ಮಾಡಿದ ಡಾಕ್ಟ್ರು ಹೇಳಿದ್ರು, ಯಾರೋ ಕತ್ತನ್ನ ಅಲ್ಲಾಡ್ದಂಗೆ ಹಿಡ್ಕೊಂಡಿದ್ದಕ್ಕೆ ಕೈಕಾಲು ಉಳಿದಿದೆ ಅಂತ. ಹುಡುಕಿ ಹುಡುಕಿ ಈಗ ಅಡ್ರೆಸ್ ಸಿಕ್ತು. ಯಾವಾಗ ಬರ್ತಾರೆ ಅವರು?”

ನಾನು ಹೇಳಿದೆ. ಹೇಗೆ ಹೇಳಿದೆನೋ ಗೊತ್ತಿಲ್ಲ.

ಆಕೆ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟರು. ಅಳಲಿಲ್ಲ. ಮುಖವನ್ನು ನಿಧಾನವಾಗಿ ಎಡಕ್ಕೆ ತಿರುಗಿಸಿದರು, ಆಮೇಲೆ ಬಲಕ್ಕೆ.

“ಇಷ್ಟು ತಿರುಗುತ್ತೆ,” ಎಂದರು. “ಅವರಿಗೆ ತೋರಿಸೋಣ ಅಂತ ಬಂದೆ.”

ಈಗ ಮಹಡಿಗೆ ಹೊಸ ಸಂಸಾರ ಬಂದಿದೆ, ಒಳ್ಳೆಯ ಜನ. ಮೆಟ್ಟಿಲ ಮೇಲೆ ದಿನವಿಡೀ ಸದ್ದು. ಹೀಗೆ ಒಬ್ಬರು ಬಂದಿದ್ದರು, ನಡೆದುಕೊಂಡೇ ಬಂದಿದ್ದರು ಎಂದು ನಾನು ಯಾರಿಗೆ ಹೇಳಬೇಕಿತ್ತೋ, ಅವರೊಬ್ಬರು ಇಲ್ಲ.