ಮೀನಿನ ಗುಂಡಿಗೆ, ಅಕ್ಕನ ಗುಂಡಿಗೆ

ಅಕ್ಕ ಹೋದ ಮೇಲೆ ಅಮ್ಮ ಅತ್ತದ್ದಕ್ಕಿಂತ ಬೈದದ್ದೇ ಹೆಚ್ಚು. ಸಾರಿಗೆ ಹುಣಸೆಹಣ್ಣು ಹಿಂಡುತ್ತಾ ಬೈಯುವಳು, ನಲ್ಲಿಯ ಕೆಳಗೆ ಬಿಂದಿಗೆ ಇಟ್ಟು ಬೈಯುವಳು. "ಮೊಂಡಿ. ಒಂದ್ ಮಾತು ಹೇಳ್ಬಾರ್ದಿತ್ತಾ? ಉಸಿರಾಡಕ್ಕಾಗ್ತಿಲ್ಲ ಅಂದಿದ್ರೆ ನಾನು ಹೊತ್ಕೊಂಡಾದ್ರೂ ಹೋಗ್ತಿದ್ದೆ." ಆಗೆಲ್ಲ ನಾನು ಏನಾದರೂ ನೆಪ ಹುಡುಕಿ ಎದ್ದು ಹೋಗುತ್ತಿದ್ದೆ. ಅಕ್ಕ ಹೇಳಿದ್ದಳು. ನನಗೆ ಹೇಳಿದ್ದಳು. ಅದನ್ನು ಒಂದು ವರ್ಷಕ್ಕೂ ಹೆಚ್ಚು ಕಾಲ ಅಮ್ಮನಿಂದ ಮುಚ್ಚಿಟ್ಟೆ.

ನಾನು ಓದಿದ್ದು ಏಳನೇ ಕ್ಲಾಸು. ಬರೆದು ರೂಢಿಯಿಲ್ಲ. ಮೀನಿನಿಂದಲೇ ಶುರು ಮಾಡುತ್ತೇನೆ. ನನಗೆ ಸರಿಯಾಗಿ ಗೊತ್ತಿರುವುದು ಅದೊಂದೇ ಎಂದುಕೊಂಡಿದ್ದೆ.

ರಸೆಲ್ ಮಾರುಕಟ್ಟೆಯಲ್ಲಿ ಹತ್ತು ವರ್ಷ ಮೀನು ಕೊಯ್ದೆ. ಆಮೇಲೆ ನಾನೂ ಅಕ್ಕನೂ ಸೇರಿ ರಾಮಮೂರ್ತಿ ನಗರದಲ್ಲಿ ಜೀವಂತ ಮೀನಿನ ಅಂಗಡಿ ಹಾಕಿದೆವು. ಎರಡು ಸಿಮೆಂಟ್ ತೊಟ್ಟಿ, ನೀರಿಗೆ ಗಾಳಿ ಬಿಡುವ ಒಂದು ಪಂಪು. ಕೊರವ, ಗೆಂಡೆ, ಜಿಲೇಬಿ ಮೀನುಗಳು. ಅಕ್ಕ ಹಿಡಿದು ತೂಗುವುದು, ನಾನು ಕೊಯ್ಯುವುದು. ಗಿರಾಕಿ ತಮಿಳಿನಲ್ಲಿ ಕೇಳಿದರೆ ಅವಳದು ತಮಿಳು, ಉರ್ದುವಿನಲ್ಲಿ ಕೇಳಿದರೆ ಉರ್ದು. ಬೈಗುಳ ಮಾತ್ರ ಕನ್ನಡದಲ್ಲಿ. "ಎಷ್ಟೊತ್ತು ಮುಟ್ಟಿ ಮುಟ್ಟಿ ನೋಡ್ತೀರಾ? ಹೆಣ್ಣು ನೋಡಕ್ ಬಂದಿದೀರಾ?" ಎಂದು ಎಲ್ಲರೆದುರು ಕೇಳಿಬಿಡುತ್ತಿದ್ದಳು. ಬೈಸಿಕೊಂಡವರು ಮುಂದಿನ ವಾರ ಮತ್ತೆ ಬರುತ್ತಿದ್ದರು.

ದೂರದ ಕೆರೆಗಳಿಂದ ಡ್ರಮ್ಮಿನಲ್ಲಿ ಮೀನು ತರುವಾಗ ನೀರಿಗೆ ಐಸ್ ಹಾಕುತ್ತೇವೆ. ತಣ್ಣಗಾದ ಮೀನು ಮಂಕಾಗಿ ತಳದಲ್ಲಿ ನಿಲ್ಲುತ್ತದೆ, ಅದಕ್ಕೆ ಸ್ವಲ್ಪ ಗಾಳಿ ಸಾಕು. ಒದ್ದಾಡುವ ಮೀನು ದಾರಿಯಲ್ಲೇ ಸಾಯುತ್ತದೆ. ಸುಮ್ಮನಿರುವ ಮೀನು ಬದುಕುವ ಮೀನು ಎಂದು ನನಗೆ ಕೆಲಸ ಕಲಿಸಿದವರು ಹೇಳಿದ್ದರು. ಆದರೆ ಸತ್ತದ್ದೂ ಸುಮ್ಮನೇ ಇರುತ್ತದಲ್ಲ. ಅದಕ್ಕೇ ಆಗಾಗ ತೊಟ್ಟಿಯ ಅಂಚು ತಟ್ಟಿ, ಬಾಲ ಆಡಿಸುತ್ತದೋ ಇಲ್ಲವೋ ನೋಡಬೇಕು. ಅದನ್ನೂ ಕಲಿಸಿದ್ದರು.

ಅಕ್ಕನಿಗೆ ಚಿಕ್ಕಂದಿನಲ್ಲಿ ಕೀಲೆಲ್ಲ ಊದುವ ಜ್ವರ ಬಂದು ಗುಂಡಿಗೆಯ ಕವಾಟ ಕೆಟ್ಟಿತ್ತು. ಮಾತ್ರೆ ನುಂಗಿಕೊಂಡು ದುಡಿಯುತ್ತಿದ್ದಳು. ಆ ವಾರ ಬಹಳ ನಿಧಾನವಾಗಿದ್ದಳು. ಒಂದು ಬಕೆಟ್ ನೀರು ತರಲು ಎರಡು ಕಡೆ ನಿಲ್ಲುವಳು. "ಬನ್ನಿ ಮಹಾರಾಣಿ, ಪಲ್ಲಕ್ಕಿ ಕಳಿಸ್ಲಾ?" ಎಂದೆ. "ಕಳ್ಸು, ಹೊರೋಕೆ ನೀನೇ ಬಾ," ಎಂದಳು. ಅಷ್ಟು ಹೇಳುವಷ್ಟರಲ್ಲಿ ಎರಡು ಸಲ ಉಸಿರು ಎಳೆದುಕೊಂಡಳು. ನಾನು ನಕ್ಕೆ.

ಶನಿವಾರ ಸಂಜೆ ತೊಟ್ಟಿ ತೊಳೆಯುವಾಗ ಹತ್ತಿರ ಬಂದು ಹೇಳಿದಳು: "ಮಲಗಿದ್ರೆ ಉಸಿರು ಕಟ್ಟುತ್ತೆ ಕಣೋ. ಎರಡು ದಿನದಿಂದ ಗೋಡೆಗೆ ಒರಗಿ ಕೂತೇ ಇದೀನಿ. ನಾಳೆ ಆಸ್ಪತ್ರೆಗೆ ಕರ್ಕೊಂಡು ಹೋಗ್ತೀಯಾ?"

"ನಾಳೆ ಭಾನುವಾರ ಅಕ್ಕ. ಅಂಗಡಿ ಯಾರು ನೋಡ್ಕೋತಾರೆ? ಸೋಮವಾರ ಹೋಗಣ."

ಅವಳು ಕೈ ಚಾಚಿದಳು. "ಇಲ್ಲಿ ಹಿಡಿದು ನೋಡು, ಹೇಗೆ ಓಡ್ತಿದೆ."

ಮಣಿಕಟ್ಟು ಹಿಡಿದೆ. ಬೆರಳಿಗೆ ಎಣಿಸಲು ಸಿಗದಷ್ಟು ಜೋರಾಗಿ ಹೊಡೆದುಕೊಳ್ಳುತ್ತಿತ್ತು. "ಓಡ್ತಿದೆ ಅಂದ್ರೆ ಗಟ್ಟಿಯಾಗಿದೆ ಅಂತ. ಸುಮ್ನೆ ಕೂತ್ಕೊ, ಸರಿಹೋಗುತ್ತೆ," ಎಂದೆ. ನನ್ನ ಕೈ ಒದ್ದೆಯಿತ್ತು. ಅವಳು ತನ್ನ ಕೈಯನ್ನು ಸೀರೆಗೆ ಒರೆಸಿಕೊಂಡು ಒಳಗೆ ಹೋದಳು. ಮತ್ತೆ ಕೇಳಲಿಲ್ಲ.

ಭಾನುವಾರ ಬೇಡವೆಂದರೂ ಅಂಗಡಿಗೆ ಬಂದು ತೊಟ್ಟಿಗಳ ಹಿಂದೆ ಸ್ಟೂಲ್ ಮೇಲೆ ಕೂತಳು. ಗಿರಾಕಿಗಳು ಸಾಲುಗಟ್ಟಿದ್ದರು. ಪ್ರತಿ ವಾರ ಬರುವವರೊಬ್ಬರು, "ಏನ್ ಗುರು, ಇವತ್ತು ಅಕ್ಕ ಸೈಲೆಂಟು? ಬೈಸ್ಕೊಳ್ದೆ ಮೀನು ತಗೊಂಡೋದ್ರೆ ಸಾರು ರುಚಿಯಾಗಲ್ಲ," ಎಂದರು.

"ಸುಮ್ನಿರೋ ಮೀನೇ ಸಾರ್ ಜಾಸ್ತಿ ದಿನ ಬದುಕೋದು," ಎಂದೆ.

ಸಾಲಿನಲ್ಲಿದ್ದವರೆಲ್ಲ ನಕ್ಕರು. ಅಕ್ಕನ ತುಟಿಯಲ್ಲೂ ಒಂದಿಷ್ಟು ನಗು ಬಂತು. ಅದಾದ ಮೇಲೆ ಎರಡು ಸಲ ತಿರುಗಿ ನೋಡಿದೆ. ಗೋಡೆಗೆ ತಲೆಯಿಟ್ಟು ಕಣ್ಣು ಮುಚ್ಚಿದ್ದಳು. ಏದುಸಿರು ನಿಂತಿತ್ತು. ಸದ್ಯ, ನಿದ್ದೆ ಬಂತಲ್ಲ ಎಂದು ನೆಮ್ಮದಿಯಾಯಿತು. ತೊಟ್ಟಿಯ ಅಂಚನ್ನು ಅಷ್ಟರಲ್ಲಿ ಹತ್ತು ಸಲ ತಟ್ಟಿರಬೇಕು. ಅಕ್ಕನ ಭುಜ ಒಂದು ಸಲವೂ ಮುಟ್ಟಲಿಲ್ಲ. ಜನ ಕರಗಿದ ಮೇಲೆ ಊಟಕ್ಕೆ ಕರೆದಾಗ ಅವಳು ಏಳಲಿಲ್ಲ. ಆಟೋದಲ್ಲಿ ಆಸ್ಪತ್ರೆಗೆ ಒಯ್ದೆ. ಡಾಕ್ಟರು ಬಹಳ ಹೊತ್ತು ನೋಡಲೂ ಇಲ್ಲ.

ಮನೆಯಲ್ಲಿ ಅಮ್ಮ ನನ್ನ ಶರ್ಟು ಹಿಡಿದು, "ಏನೂ ಹೇಳ್ಲಿಲ್ವೇನೋ ಅವಳು?" ಎಂದು ಕೇಳಿದಳು. "ಏನೂ ಹೇಳ್ಲಿಲ್ಲಮ್ಮ. ಚೆನ್ನಾಗಿದೀನಿ ಅಂದ್ಳು," ಎಂದೆ. ಯೋಚಿಸದೆ ಬಂದ ಮಾತು. ಯೋಚಿಸಿದ ಮೇಲೂ ವಾಪಸು ತೆಗೆದುಕೊಳ್ಳಲಿಲ್ಲ.

ಕೆಲವು ತಿಂಗಳ ನಂತರ ವಿಮಾನಪುರದ ಕಡೆಯ ಒಬ್ಬ ಮೇಡಂ ಬಂದರು. ಕಾಲೇಜಿನಲ್ಲಿ ಪ್ರಾಣಿಗಳ ಪಾಠ ಹೇಳುವವರು. ಕೊರವ ಕೊಯ್ಯಿಸಿ, "ಗುಂಡಿಗೆ ಬಿಸಾಕ್ಬೇಡಪ್ಪ, ಬೇರೆ ಕೊಡು. ಮಕ್ಕಳಿಗೆ ತೋರಿಸ್ಬೇಕು," ಎಂದರು. ಕಿವಿರಿನ ಹಿಂದೆ ಬೆರಳು ಹಾಕಿ ತೆಗೆದು ಹಲಗೆಯ ಮೇಲಿಟ್ಟೆ. ಕಡಲೆಕಾಳಿನಷ್ಟಿದ್ದ ಅದು ಒಂದೇ ಸಮ ಮಿಡಿಯುತ್ತಿತ್ತು. ಸಾವಿರ ಸಲ ನೋಡಿದ್ದರೂ ಅವತ್ತು ಕೇಳಬೇಕೆನಿಸಿತು. "ಗಾಳಿ ಇಲ್ದೆ ಇದು ಹೇಗೆ ಮೇಡಂ ಬದುಕುತ್ತೆ?"

"ಅದಕ್ಕೆ ಕಮ್ಮೀಲಿ ಬದುಕೋದು ಅಭ್ಯಾಸ. ಮೀನಲ್ಲಿ ಗುಂಡಿಗೆಗೆ ಕೊನೇ ಪಂಕ್ತಿ. ಮೈಗೆಲ್ಲಾ ಬಡಿಸಿ ಉಳಿದ ರಕ್ತಾನೇ ಅದಕ್ಕೆ ವಾಪಸ್ ಬರೋದು. ನೀರಲ್ಲಿ ಗಾಳಿ ಕಮ್ಮಿ ಆದ್ರೆ ಎಷ್ಟೋ ಮೀನಿನ ಗುಂಡಿಗೆ ನಿಧಾನ ಆಗ್ಬಿಡುತ್ತೆ. ಮೆಲ್ಲಗೆ ಹೊಡ್ಕೊಳ್ಳುತ್ತೆ, ಆದ್ರೆ ಒಂದೊಂದು ಏಟಿಗೂ ಜಾಸ್ತಿ ರಕ್ತ ತಳ್ಳುತ್ತೆ. ಹಾಗೆ ಸ್ವಲ್ಪ ಹೊತ್ತು ತಡ್ಕೊಳ್ಳುತ್ತೆ."

"ಮನುಷ್ಯರದ್ದು?"

"ನಮ್ಮದು ಉಲ್ಟಾ ಕಣಪ್ಪ. ಗಾಳಿ ಸಾಲ್ದೆ ಹೋದ್ರೆ ಓಡೋಕೆ ಶುರು ಮಾಡುತ್ತೆ. ಓಡಿ ಓಡಿ ಸುಸ್ತಾಗುತ್ತೆ."

ಅವರು ಹೋದ ಮೇಲೆ ಬಹಳ ಹೊತ್ತು ಕತ್ತಿ ಮುಟ್ಟಲಿಲ್ಲ. ಬೆರಳ ತುದಿಯಲ್ಲಿ ಆ ಓಟ ಇನ್ನೂ ಇತ್ತು. ಅದು ಗಟ್ಟಿತನವಲ್ಲ, ಅವಳ ಮೈ ಕೂಗಿಕೊಂಡದ್ದು. ಮೀನಿನ ಲೆಕ್ಕದಲ್ಲಿ ಅಕ್ಕನನ್ನು ನೋಡಿದೆ, ನನಗೆ ತಿಳಿದಿರಲಿಲ್ಲ ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಅದು ಅರ್ಧ ಮಾತ್ರ ನಿಜ. ಗುಂಡಿಗೆ ತಿಳಿಯದಿದ್ದರೂ ಮಾತು ತಿಳಿಯುತ್ತಿತ್ತು. ಕರೆದುಕೊಂಡು ಹೋಗು ಎಂದು ಅವಳು ಕನ್ನಡದಲ್ಲೇ ಕೇಳಿದ್ದಳು.

ಅಮ್ಮನಿಗೆ ಹೇಳಿದ್ದು ಈ ವರ್ಷ. ಒಂದು ಮಧ್ಯಾಹ್ನ ಅಮ್ಮ ಪಕ್ಕದ ಮನೆಯಾಕೆಯ ಜೊತೆ ಸೊಪ್ಪು ಬಿಡಿಸುತ್ತಾ, "ನನ್ನ ಮಗಳು ತನ್ನ ಸಾವು ತಾನೇ ತಂದ್ಕೊಂಡ್ಳು," ಎಂದಳು. ಆಕೆ ಎದ್ದು ಹೋಗುವವರೆಗೆ ಕಾದೆ.

"ಅಮ್ಮ, ಅಕ್ಕ ಹೇಳಿದ್ಲು. ಶನಿವಾರಾನೇ ಹೇಳಿದ್ಲು."

ಅಮ್ಮ ಸೊಪ್ಪಿನ ಮೊರ ಪಕ್ಕಕ್ಕಿಟ್ಟಳು. "ಏನಂದ್ಳು? ಅವಳು ಅಂದಿದ್ದನ್ನ ಹಾಗೇ ಹೇಳು."

ಹೇಳಿದೆ. ಗೋಡೆಗೆ ಒರಗಿ ಕೂತದ್ದು, ಕೈ ಚಾಚಿದ್ದು, ಎಲ್ಲ.

"ನೀನೇನಂದೆ?"

"ಸೋಮವಾರ ಅಂದೆ."

ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆಯಲಿಲ್ಲ. "ಇಷ್ಟು ದಿನ ನನ್ನ ಕೈಲಿ ಅವಳನ್ನ ಬೈಸಿದ್ಯಲ್ಲೋ," ಎಂದಳು. ಎದ್ದು ಚಪ್ಪಲಿ ಮೆಟ್ಟಿ ಪಕ್ಕದ ಮನೆಗೆ ಹೋದಳು. ನಾನು ಬಾಗಿಲಲ್ಲಿ ನಿಂತಿದ್ದೆ.

"ನಾನಾಗ ಅಂದಿದ್ದು ತಪ್ಪು ಕಣಮ್ಮ. ನನ್ನ ಮಗಳು ಹೇಳಿದ್ಲು, ಉಸಿರು ಕಟ್ಟುತ್ತೆ ಅಂತ ಬಾಯಿ ಬಿಟ್ಟೇ ಹೇಳಿದ್ಲು."

"ಯಾರಿಗೆ ಹೇಳಿದ್ಲು?" ಎಂದು ಆಕೆ ಕೇಳಿದರು.

ಅಮ್ಮ ನನ್ನ ಕಡೆ ತಿರುಗಲಿಲ್ಲ. "ಕೇಳಿಸ್ಕೊಳ್ದೆ ಇರೋರಿಗೆ," ಎಂದು ಮುಂದಿನ ಮನೆಯ ಕಡೆ ನಡೆದಳು. ಆ ಸಂಜೆ ಬೀದಿಯ ಏಳೆಂಟು ಮನೆಗೆ ಹೋಗಿ ಅದನ್ನೇ ಹೇಳಿ ಬಂದಳು. ಎಲ್ಲಿಯೂ ನನ್ನ ಹೆಸರೆತ್ತಲಿಲ್ಲ. ನನಗೆ ಹೇಳಿದ್ದಳು ಎಂದು ಬೀದಿಯಲ್ಲಿ ನಿಂತು ನಾನೇ ಹೇಳಬೇಕಿತ್ತು. ಅವತ್ತು ಆಗಲಿಲ್ಲ. ಅದಕ್ಕೇ ಇಲ್ಲಿ ಬರೆದಿದ್ದೇನೆ.