ಮೂಗ ದ್ವಾರಪಾಲಕ

ನಾನು ಸುಂದರನಾಗಿದ್ದೆ. ಈ ಮಾತಿಗೆ ಈಗ ಸಾಕ್ಷಿ ಸಿಗುವುದು ಕಷ್ಟ. ಅರವತ್ತರ ದಶಕದ ಮೊದಲಲ್ಲಿ ಯಲಹಂಕದ ಸುತ್ತ ಎಲ್ಲಿ ಪೌರಾಣಿಕ ನಾಟಕವಾದರೂ ಅರ್ಜುನ ನಾನೇ. ಬಣ್ಣ ಕೆಂಪಗೆ, ಮೂಗು ನೇರ, ಅಪ್ಪನಿಗೆ ದ್ರಾಕ್ಷಿ ತೋಟ. ನಾಟಕದ ಮೇಷ್ಟ್ರಿಗೆ ಹೆಚ್ಚು ದುಡ್ಡು ಕೊಟ್ಟ ಮನೆಗೆ ದೊಡ್ಡ ಪಾತ್ರ ಎಂಬುದು ನಮ್ಮ ಕಡೆಯ ಪದ್ಧತಿ. ಹಾಗಾಗಿ ಆ ತೋಟವೇ ನನ್ನ ಮುಖ್ಯ ಪ್ರತಿಭೆ.

ಪಕ್ಕದ ಸಿಂಗಾಪುರ ಹಳ್ಳಿಯಲ್ಲಿದ್ದ ಚಿಕ್ಕಪ್ಪನ ಮಗ ಕುಳ್ಳ. ಉಬ್ಬುಹಲ್ಲು, ಮುಖದ ತುಂಬ ಸಿಡುಬಿನ ಕಲೆ. ಅವನಿಗೆ ಪುಕ್ಕಟೆ ಸಿಕ್ಕಿದ್ದು ದ್ವಾರಪಾಲಕನ ಪಾತ್ರ. ಒಂದು ಮಾತೂ ಇಲ್ಲ. ಕೃಷ್ಣ ಕಳ್ಳನಿದ್ದೆ ಮಾಡುತ್ತಾನೆ, ದುರ್ಯೋಧನನೂ ನಾನೂ ಕಾಯುತ್ತೇವೆ, ಇವನು ಈಟಿ ಹಿಡಿದು ನಿಲ್ಲಬೇಕು. ಇವನೋ, ಕೃಷ್ಣ ಗೊರಕೆ ಹೊಡೆದಾಗಲೆಲ್ಲ ತಲೆಯೆತ್ತಿ ಈಟಿಯ ತುದಿಯನ್ನು ನೋಡುತ್ತಿದ್ದ. ಅಷ್ಟೇ. ಜನ ಹೊಟ್ಟೆ ಹಿಡಿದು ನಗುತ್ತಿದ್ದರು. ನನಗೆ ಹಾರ ಹಾಕಲು ರಂಗಕ್ಕೆ ಬಂದ ಸೋದರಮಾವ ಕೂಡ ಅವನನ್ನು ನೋಡಿಕೊಂಡೇ ಹಾರವನ್ನು ನನ್ನ ಕಿರೀಟಕ್ಕೆ ಸಿಕ್ಕಿಸಿದರು.

ಮಾಕಳಿಯಲ್ಲಿ ನಡೆದ ನಾಟಕಕ್ಕೆ ಮದರಾಸಿನಿಂದ ಸಿನಿಮಾ ಕಂಪನಿಯವರೊಬ್ಬರು ಬಂದರು. ನನ್ನನ್ನು ನೋಡಲೆಂದೇ ಬರುತ್ತಾರೆಂದು ಊರಿಗೆಲ್ಲ ಸಾರಿದ್ದೆ. ಬೆಳಗಾದ ಮೇಲೆ ಕೊಬ್ಬರಿ ಎಣ್ಣೆಯಲ್ಲಿ ಬಣ್ಣ ಒರೆಸಿಕೊಳ್ಳುತ್ತಿದ್ದಾಗ ಬಳಿಗೆ ಬಂದರು. ಎದೆ ಉಬ್ಬಿಸಿ ನಿಂತೆ.

“ಆ ಬಾಗ್ಲಲ್ಲಿ ನಿಂತಿದ್ನಲ್ಲ, ಯಾರ್ರೀ ಅವನು?”

ಉಬ್ಬಿದ ಎದೆಯಲ್ಲಿ ಏನೋ ಉರಿಯಿತು.

“ನಮ್ ಚಿಕ್ಕಪ್ಪನ ಮಗ ಸಾರ್. ಪಾಪ, ಮೂಗ.”

“ಹುಟ್ಟಿನಿಂದಾನೇ?”

“ಹೂಂ ಸಾರ್. ಅದಕ್ಕೇ ಮಾತಿಲ್ಲದ ಪಾರ್ಟು ಕೊಟ್ಟಿರೋದು.”

ಅವರ ಮುಖ ಅರಳಿತು. ಮುಂದಿನ ಚಿತ್ರದಲ್ಲಿ ಜಮೀನ್ದಾರನ ಮನೆಗೆ ಒಬ್ಬ ಮೂಗ ಅಡುಗೆಯವನು ಬೇಕಾಗಿತ್ತಂತೆ. “ನಮ್ಮಲ್ಲಿರೋರಿಗೆ ಬಾಯಿ ಮುಚ್ಕೊಂಡಿರೋಕೇ ಬರಲ್ಲ ಕಣ್ರೀ,” ಎಂದರು.

ತಿರುಗಿ ನೋಡಿದೆ. ಮಡಿಸಿದ ಪರದೆಯ ಪಕ್ಕದಲ್ಲಿ ತಮ್ಮ ನಿಂತಿದ್ದ. ಎಲ್ಲ ಕೇಳಿಸಿಕೊಂಡಿದ್ದ. ಈಟಿಯ ತುದಿ ನೋಡುತ್ತಿದ್ದ.

ಮದರಾಸಿನಲ್ಲಿ ಚಿತ್ರೀಕರಣ ಮುಗಿಯುವವರೆಗೂ ಅವನು ಬಾಯಿ ಬಿಡಲಿಲ್ಲ. ಕೊನೆಯ ದಿನ “ಬರ್ತೀನಿ ಸಾರ್” ಎಂದಾಗ ಅಲ್ಲಿದ್ದವರಿಗೆ ಎದೆಯೇ ನಿಂತುಹೋದಂತಾಯಿತಂತೆ. ಮುಂದಿನ ಚಿತ್ರದಲ್ಲಿ ಮಾತನ್ನೂ ಕೊಟ್ಟರು. ಆಮೇಲೆ ಜಿಪುಣ ಮಾವ, ಗುಮಾಸ್ತ, ಹೆಂಡತಿಗೆ ಹೆದರುವ ಪೊಲೀಸು. ನಾಯಕರು ಬಂದರು, ಹೋದರು, ಉಬ್ಬುಹಲ್ಲು ಉಳಿಯಿತು. ಯಲಹಂಕದ ಟೆಂಟಿನಲ್ಲಿ ನಾಯಕ ಬಂದರೆ ಜನ ಬೀಡಿ ಹಚ್ಚುತ್ತಿದ್ದರು, ಇವನು ಬಂದರೆ ಶಿಳ್ಳೆ ಹಾಕುತ್ತಿದ್ದರು. ನೇರ ಮೂಗಿನವನಾದ ನಾನು ನೆಲದ ಟಿಕೆಟ್ಟಿನಲ್ಲಿ ಕುಳಿತು ನೋಡಿದೆ.

ಊರಿಗೆ ಬಂದಾಗ ಕೇಳಿದೆ. “ನಿಂಗ್ ಮಾತು ಬರುತ್ತೆ ಅಂತ ಅವತ್ತೇ ಹೇಳ್ಬೋದಿತ್ತಲ್ಲೋ?”

“ಎಂಗೇಳ್ಲಿ ಅಣ್ಣಯ್ಯ? ಅವರ ಮುಂದೆ ನೀನು ಸುಳ್ಳುಗಾರ ಆಗ್ತಿದ್ದೆ.”

ಇಷ್ಟಕ್ಕೆ ನಾನು ಅವನ ಕಾಲು ಹಿಡಿಯಬೇಕಾಗಿತ್ತು. ಹಿಡಿಯಲಿಲ್ಲ. ಆ ವರ್ಷ ಊರಿನವರು ಅವನಿಗೆ ಸನ್ಮಾನ ಮಾಡಿದರು. ಸಿನಿಮಾಕ್ಕೆ ಹೇಗೆ ಸೇರಿದಿರಿ ಎಂದು ಯಾರೋ ಕೇಳಿದಾಗ “ನಮ್ಮ ಅಣ್ಣಯ್ಯ ಒಂದು ಮಾತು ಹೇಳಿದ್ರು, ತಗೊಂಡ್ರು” ಎಂದುಬಿಟ್ಟ. ನನ್ನನ್ನೂ ಮೇಲಕ್ಕೆ ಕರೆದು ಹಾರ ಹಾಕಿದರು. ಪ್ರತಿಭೆಯನ್ನು ಗುರುತಿಸುವುದು ಹೇಗೆಂದು ನಾನು ಬಹಳ ಹೊತ್ತು ಭಾಷಣ ಮಾಡಿದೆ. ಚಪ್ಪಾಳೆ ಬಿತ್ತು.

ಭಾಷಣದ ನಡುವೆ ಒಮ್ಮೆ ಅವನ ಕಡೆ ನೋಡಿದ್ದೆ. ಈಟಿ ಇರಲಿಲ್ಲ. ತಲೆಯೆತ್ತಿ ಚಪ್ಪರದ ಕಂಬದ ತುದಿಯನ್ನು ನೋಡುತ್ತಿದ್ದ.