ಉಸಿರು ಕಟ್ಟಿ ಹಿಡಿದ ಹಗ್ಗ

ದೇವದುರ್ಗದ ಕಡೆ, ಕೃಷ್ಣಾ ನದಿಯ ದಂಡೆಯಲ್ಲಿ ನಮ್ಮ ಓಣಿ. ಮುಳುಗು ಹಾಕುವುದೇ ನಮ್ಮ ಕಸುಬು. ಹೊಳೆಗೆ ಬಿದ್ದವರನ್ನು ತೆಗೆಯಲು ಮಾನ್ವಿ, ರಾಯಚೂರಿನಿಂದಲೂ ನಮಗೇ ಫೋನ್ ಬರುತ್ತದೆ. ಆ ಸಲ ಹೊಳೆಯೊಳಗೆ ಉಳಿದವನು ಮಾತ್ರ ನಮ್ಮವನೇ, ನನ್ನ ಪಕ್ಕದ ಮನೆಯವನು. ರೈತರ ಪಂಪಿನ ಪೈಪಿಗೆ ನೀರೊಳಗಿನ ತುದಿಯಲ್ಲಿರುವ ಫುಟ್‌ವಾಲಿಗೆ ಸುತ್ತಿಕೊಂಡ ಕಸ ಬಿಡಿಸಲು ಇಳಿದಿದ್ದ. ಸಣ್ಣ ಕೆಲಸವೆಂದು ಸೊಂಟಕ್ಕೆ ಹಗ್ಗ ಕಟ್ಟಿರಲಿಲ್ಲ.

ಹೆಣ ಸಿಗುವವರೆಗೆ ನಮ್ಮ ಓಣಿಯಲ್ಲಿ ಯಾರೂ ಒಲೆ ಹಚ್ಚುವುದಿಲ್ಲ. ಬಾಗಲವಾಡದ ಬೀಗರು ತಂದುಕೊಟ್ಟ ರೊಟ್ಟಿ ತಿಂದು ಎರಡು ದಿನ ಕಳೆದೆವು. ಮೂರನೆಯ ದಿನ ಬೆಳಿಗ್ಗೆ ನನ್ನ ಮೊಮ್ಮಗ ಸೊಂಟಕ್ಕೆ ಹಗ್ಗ ಬಿಗಿದ. ಅವನಿಗೆ ಮುಳುಗು ಕಲಿಸಿದವನೇ ಸತ್ತವನು, ಬೇಡವೆನ್ನಲು ನನಗೆ ಬಾಯಿ ಬರಲಿಲ್ಲ. ಮಗ, ಸೊಸೆ ಇಬ್ಬರೂ ಹೋದ ಮೇಲೆ ನನಗೆ ಇರುವವನು ಅವನೊಬ್ಬನೇ.

ಹಗ್ಗದ ಇನ್ನೊಂದು ತುದಿ ಹಿಡಿದು ನಾನು ಪುಟ್ಟಿಯಲ್ಲಿ, ಅಂದರೆ ನಮ್ಮ ಬುಟ್ಟಿಯಂಥ ದೋಣಿಯಲ್ಲಿ ಕುಳಿತೆ. ಕೆಳಗಿನವನು ಎರಡು ಸಲ ಜಗ್ಗಿದರೆ ಮೇಲೆಳೆಯಬೇಕು. ಅವನಿಗೆ ಜಗ್ಗಲು ಆಗದೆ ಹೋದರೆ? ಅದಕ್ಕೇ ಹಗ್ಗ ಹಿಡಿದವರೂ ಅವನ ಜೊತೆಗೇ ಉಸಿರು ಕಟ್ಟುತ್ತಾರೆ. ತಮ್ಮ ಉಸಿರು ಮುಗಿದಾಗ ಎಳೆದುಬಿಡುತ್ತಾರೆ.

ಅವನು ಮುಳುಗಿದ. ನಾನು ಉಸಿರು ಕಟ್ಟಿದೆ. ಎದೆ ಉರಿಯಿತು, ಕಣ್ಣು ಕತ್ತಲುಗಟ್ಟಿತು, ಎಳೆದೆ.

"ಯಾಕ ಜಗ್ಗಿದಿ ಮುತ್ಯಾ? ಅಂಗಿ ಕೈಗಿ ಸಿಕ್ಕಿತ್ತು," ಎಂದ, ಮೇಲೆ ಬಂದವನು.

ದಂಡೆಯಿಂದ ನನ್ನ ವಾರಗೆಯವನೊಬ್ಬ ಕೂಗಿದ: "ಮುದುಕನ ಉಸಿರೆಲ್ಲ ಬೀಡಿಗಿ ಹೋಗ್ಯದ. ಹಗ್ಗ ಬ್ಯಾರೆಯವರ ಕೈಯಾಗ ಕೊಡ್ರಿ."

ಅವನು ಅಂದದ್ದು ಖರೇ. ಎಪ್ಪತ್ತು ದಾಟಿದ ಎದೆಯನ್ನು ಹರೆಯದ ಎದೆಗೆ ಜೋಡಿ ಮಾಡಿದ್ದೇ ನನ್ನ ತಪ್ಪು.

ಆಗ ಸತ್ತವನ ಹೆಂಡತಿ ನೀರಲ್ಲಿ ನಡೆದು ಬಂದು ಪುಟ್ಟಿ ಹತ್ತಿದಳು. ಇಪ್ಪತ್ತು ವರ್ಷ ಗಂಡನ ಹಗ್ಗ ಹಿಡಿದವಳು. ಆ ದಿನವೊಂದೇ ಅವನು ಕರೆದಿರಲಿಲ್ಲ.

"ಕೊಡು ಇಲ್ಲಿ, ಯಪ್ಪಾ."

"ಬ್ಯಾಡವ್ವಾ, ಇಂಥಾದ್ರಾಗ ನಿನ್ನ ಕೈಲೆ..."

"ನನ್ನ ಗಂಡನ್ನ ತರಾಕ ಹೊಂಟಾನ. ನಾನೇ ಹಿಡೀತೀನಿ."

ಕೊಟ್ಟೆ. ಮೊಮ್ಮಗ ಮತ್ತೆ ಮುಳುಗಿದ. ಅವಳು ಬಾಯಿ ಬಿಗಿದು ನೀರು ನೋಡುತ್ತ ಕುಳಿತಳು. ನನ್ನ ಉಸಿರು ಮುಗಿಯಿತು. ಮತ್ತೆ ಕಟ್ಟಿದೆ, ಅದೂ ಮುಗಿಯಿತು. ಹಗ್ಗ ಅಲುಗಲಿಲ್ಲ.

"ಜಗ್ಗವ್ವಾ," ಎಂದೆ.

ಅವಳು ಇಲ್ಲವೆಂದು ತಲೆಯಾಡಿಸಿದಳು. ಗಂಡ ಸಿಗಲಿ ಎಂಬ ಆಸೆಗೆ ನನ್ನ ಮೊಮ್ಮಗನನ್ನು ಕೆಳಗೇ ಬಿಟ್ಟಳೇ? ಅಂಥ ಕೆಟ್ಟ ಯೋಚನೆ ಬಂತು ನನಗೆ. ಹಗ್ಗಕ್ಕೆ ಕೈ ಹಾಕಿದೆ. ಮೊಣಕೈಯಿಂದ ನನ್ನನ್ನು ದೂಡಿದಳು. ಆಮೇಲೆ ಅವಳ ಬಾಯಿ ತೆರೆಯಿತು. ಒಂದೇ ಸಲ ಗಾಳಿ ಎಳೆದುಕೊಂಡು, ಇದ್ದಷ್ಟು ಬಲ ಹಾಕಿ ಹಗ್ಗ ಎಳೆದಳು.

ಮೊಮ್ಮಗನ ತಲೆ ಮೇಲೆ ಬಂತು. ಎರಡೂ ಕೈಯಲ್ಲಿ ಸತ್ತವನನ್ನು ಅವುಚಿ ಹಿಡಿದಿದ್ದ.

"ಕೈ ಖಾಲಿ ಇರಲಿಲ್ಲ... ಹ್ಯಾಂಗ ಜಗ್ಗಲಿ," ಎಂದು ಏದುಸಿರು ಬಿಟ್ಟ.

"ಉಸಿರು ಬಂತೇನೋ, ಮಗಾ?" ಅವಳು ಮೊದಲು ಅವನನ್ನು ಕೇಳಿದಳು. ಅವನು ಹೂಂ ಎಂದ ಮೇಲೆಯೇ ಗಂಡನ ಮುಖ ನೋಡಿದ್ದು.

ದಂಡೆಯ ತುಂಬ ಅಳು ಎದ್ದಿತು. ನಾನು ಮೊಮ್ಮಗನ ಒದ್ದೆ ಮೈ ತಬ್ಬಿಕೊಂಡು ನಗುತ್ತಿದ್ದೆ. ತಡೆಯಲು ನೋಡಿದೆ, ಆಗಲಿಲ್ಲ. ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅವಳು ನನ್ನ ಕಡೆ ನೋಡಿದಳು. ನಾನು ತಲೆ ತಗ್ಗಿಸಿದೆ. ಮೊಮ್ಮಗನನ್ನು ಮಾತ್ರ ಬಿಡಲಿಲ್ಲ.